ಒಂದೇ ಪೈಪು, ಎರಡು ಲೋಹ: ಕಾದಾಗ ಒಳಗೆ ಏನಾಗುತ್ತದೆ?

ಚಿಕ್ಕಂದಿನಲ್ಲಿ ನಮ್ಮ ಬೀದಿಗೆ ಕಲಾಯಿ ಹಾಕುವವರು ಬರುತ್ತಿದ್ದರು. ಮರದ ನೆರಳಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಕೆಂಡ ಮಾಡುತ್ತಿದ್ದರು. ಹಿತ್ತಾಳೆ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಒಳಗೆ ನವಸಾಗರದ ಪುಡಿ ಎರಚಿದರೆ ಬುಸ್ಸನೆ ಬಿಳಿ ಹೊಗೆ. ತವರದ ಕಡ್ಡಿಯನ್ನು ಒಂದು ಸಲ ತಾಗಿಸಿ, ಹತ್ತಿಯ ಉಂಡೆಯಿಂದ ಸರಸರ ಉಜ್ಜಿದರೆ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ತೆಳ್ಳನೆ ಪದರ ಇರುವವರೆಗೆ ಹುಣಸೆಹುಳಿಯ ಸಾರಿಗೆ ಕಿಲುಬು ಇಲ್ಲ. ಪಾತ್ರೆಗೆ ಗಟ್ಟಿತನ ಹಿತ್ತಾಳೆಯದು, ಹುಳಿಯಿಂದ ಕಾಪಾಡುವ ಕೆಲಸ ತವರದ್ದು. ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಇಡಬೇಡ ಅಂತ ಮನೆಯಲ್ಲಿ ಬೈಯುತ್ತಿದ್ದರು. ತವರ 232 ಡಿಗ್ರಿಗೇ ಕರಗುತ್ತದೆ.

ರಿಫೈನರಿಯ ಕ್ಲ್ಯಾಡ್ ಪೈಪು ಇದೇ ಉಪಾಯದ ದೊಡ್ಡ ರೂಪ. ಹೊರಗೆ ದಪ್ಪನೆ ಸಾಮಾನ್ಯ ಕಾರ್ಬನ್ ಉಕ್ಕು, ಒಳಗೆ ಎರಡು ಮೂರು ಮಿಲಿಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಅಥವಾ ನಿಕಲ್ ಮಿಶ್ರಲೋಹದ ಹೊದಿಕೆ. ಗಂಧಕ ಇರುವ ಕಚ್ಚಾ ತೈಲ ಸುಮಾರು 260 ಡಿಗ್ರಿ ದಾಟಿದರೆ ಕಾರ್ಬನ್ ಉಕ್ಕನ್ನು ತಿನ್ನಲು ಶುರು ಮಾಡುತ್ತದೆ. ಹಾಗಂತ ಪೂರ್ತಿ ಪೈಪನ್ನೇ ಸ್ಟೇನ್‌ಲೆಸ್‌ನಲ್ಲಿ ಮಾಡಿದರೆ ದುಡ್ಡು ಜಾಸ್ತಿ, ಕಾದಾಗ ಹಿಗ್ಗುವುದೂ ಜಾಸ್ತಿ. ಸಮುದ್ರದ ಪಕ್ಕದ ಉಪ್ಪು ಗಾಳಿಯ ಕ್ಲೋರೈಡ್ ಹೊರಗಿನಿಂದ ಬಿರುಕು ತರುವ ಭಯ ಬೇರೆ. ಅದಕ್ಕೇ ಎರಡನ್ನೂ ಅಂಟಿಸಿ ಒಂದು ಮಾಡುತ್ತಾರೆ. ಹಾಳೆಗಳನ್ನು ಬಿಸಿಯಲ್ಲಿ ಒಟ್ಟಿಗೆ ರೋಲ್ ಮಾಡಿ, ಸಿಡಿಮದ್ದು ಸಿಡಿಸಿ ಒಂದನ್ನೊಂದು ಅಪ್ಪಳಿಸಿ, ಇಲ್ಲವೇ ಒಳಮೈ ಪೂರ್ತಿ ವೆಲ್ಡಿಂಗ್ ಎಳೆ ಎಳೆದು.

ತೊಂದರೆ ಶುರುವಾಗುವುದು ಈ ಅಂಟು ಚೆನ್ನಾಗಿರುವುದರಿಂದಲೇ.

ಮುಂದೆ ಹೋಗುವ ಮೊದಲು ಒಂದು ಮಾತು. ಕನ್ನಡದಲ್ಲಿ ‘ಒತ್ತಡ’ ಅಂದರೆ ಪೈಪಿನೊಳಗಿನ ತೈಲ ಗೋಡೆಯನ್ನು ತಳ್ಳುವುದೂ ಆಗುತ್ತದೆ, ಗೋಡೆಯ ಲೋಹದೊಳಗಿನ ಬಿಗಿತವೂ ಆಗುತ್ತದೆ. ಇಲ್ಲಿ ಮೊದಲನೆಯದನ್ನು ಒತ್ತಡ ಅಂತಲೇ ಕರೆಯುತ್ತೇನೆ. ಎರಡನೆಯದಕ್ಕೆ ಎಂಜಿನಿಯರುಗಳೆಲ್ಲ ಆಡುವ ‘ಸ್ಟ್ರೆಸ್’ ಇರಲಿ. ಅದರ ಅಳತೆ ಮೆಗಾಪಾಸ್ಕಲ್, ಅಂದರೆ ಎಂಪಿಎ. 10 ಎಂಪಿಎ ಅಂದರೆ ಒಂದು ಚದರ ಮಿಲಿಮೀಟರ್ ಲೋಹದ ಮೇಲೆ ಸುಮಾರು ಒಂದು ಕೆಜಿ ಭಾರ.

ಬಿಸಿ ಮಾಡಿದರೆ ಲೋಹ ಹಿಗ್ಗುತ್ತದೆ. ಹಿಗ್ಗಲು ಬಿಟ್ಟರೆ ಸ್ಟ್ರೆಸ್ ಇಲ್ಲ. ತಡೆದರೆ ಮಾತ್ರ ಸ್ಟ್ರೆಸ್. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ತೊಡಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಗಾಲಿಗಿಂತ ಸ್ವಲ್ಪ ಚಿಕ್ಕದಾಗಿ ಬಳೆ ಮಾಡಿ, ಕೆಂಪಗೆ ಕಾಯಿಸಿ ಹಿಗ್ಗಿಸಿ, ಮರದ ಗಾಲಿಯ ಮೇಲೆ ಕೂರಿಸಿ ನೀರು ಸುರಿಯುತ್ತಾರೆ. ಪಟ್ಟಾ ಕುಗ್ಗಲು ಹೋಗುತ್ತದೆ, ಗಾಲಿ ಬಿಡುವುದಿಲ್ಲ. ಆ ಬಿಗಿತವೇ ಅರೆಕಾಲುಗಳನ್ನು ವರ್ಷಗಟ್ಟಲೆ ಹಿಡಿದಿಡುತ್ತದೆ. ಪಟ್ಟಾದಲ್ಲಿ ಎಳೆತ, ಮರದಲ್ಲಿ ಅದುಮು. ಯಾರೂ ಹೊರಗಿನಿಂದ ಭಾರ ಹೇರಿಲ್ಲ.

ಈಗ ಒಂದು ಪೈಪು ತೆಗೆದುಕೊಳ್ಳೋಣ. 12 ಇಂಚಿನದು. ಹೊರಗಿನ ಅಡ್ಡಳತೆ 324 ಮಿಲಿಮೀಟರ್, ಕಾರ್ಬನ್ ಉಕ್ಕಿನ ಗೋಡೆ 17.5 ಮಿಲಿಮೀಟರ್, ಒಳಗೆ 3 ಮಿಲಿಮೀಟರ್ 304ಎಲ್ ಸ್ಟೇನ್‌ಲೆಸ್. 30 ಡಿಗ್ರಿಯಿಂದ 400 ಡಿಗ್ರಿಗೆ ಕಾಯುತ್ತದೆ, ಅಂದರೆ 370 ಡಿಗ್ರಿ ಏರಿಕೆ. ಈ ಬಿಸಿಯವರೆಗೆ ಕಾರ್ಬನ್ ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 13.5 ಪಾಲು ಹಿಗ್ಗುತ್ತದೆ. ಸ್ಟೇನ್‌ಲೆಸ್ ಸುಮಾರು 18 ಪಾಲು. 10 ಮೀಟರ್ ಉದ್ದದ ಬರೀ ಕಾರ್ಬನ್ ಉಕ್ಕಿನ ಪೈಪು 50 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಸ್ಟೇನ್‌ಲೆಸ್ ಕೊಳವೆ ಸುಮಾರು 67 ಮಿಲಿಮೀಟರ್.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಇವೆರಡನ್ನು ಕಲಸಿಬಿಟ್ಟರೆ ಇಡೀ ಲೆಕ್ಕ ದಾರಿ ತಪ್ಪುತ್ತದೆ. ಹೀಗೆ ದಾರಿ ತಪ್ಪಿದ ಲೆಕ್ಕಗಳನ್ನು ನೋಡಿದ್ದೇನೆ, ಅದಕ್ಕೇ ಈ ಲೇಖನ.

ಮೊದಲ ಪ್ರಶ್ನೆ: ಇಡೀ ಪೈಪು ಬೆಳೆದರೆ ಅದಕ್ಕೆ ಜಾಗ ಎಲ್ಲಿ? ಎರಡು ತುದಿಗಳನ್ನೂ ಅಲುಗಾಡದಂತೆ ಕಟ್ಟಿ ಮಧ್ಯೆ ನೇರ ಪೈಪು ಹಾಕಿದರೆ, 400 ಡಿಗ್ರಿಯಲ್ಲಿ ಲೆಕ್ಕದ ಸ್ಟ್ರೆಸ್ 850 ಎಂಪಿಎ ಆಗುತ್ತದೆ. ಆ ಉಕ್ಕು ತಣ್ಣಗಿರುವಾಗಲೇ 240ಕ್ಕೆ ಸೋತು ಬಾಗಲು ಶುರು ಮಾಡುತ್ತದೆ. ಪೈಪಿನ ಉದ್ದ ಎಷ್ಟೇ ಇರಲಿ, ಈ 850 ಬದಲಾಗುವುದಿಲ್ಲ. ಗೋಡೆ ದಪ್ಪ ಮಾಡಿದರೂ ಬದಲಾಗುವುದಿಲ್ಲ, ತುದಿಯನ್ನು ತಳ್ಳುವ ಬಲ ಮಾತ್ರ ಏರುತ್ತದೆ. ಹೊಸಬರಿಗೆ ಇದು ನಂಬುವುದೇ ಕಷ್ಟ. ಒಳಗಿನ ಒತ್ತಡಕ್ಕೆ ದಪ್ಪ ಗೋಡೆ ಔಷಧಿ, ಬಿಸಿಗೆ ಅಲ್ಲ.

ಬಿಸಿಗೆ ಔಷಧಿ ಬಳಸು ದಾರಿ. ರಿಫೈನರಿ ಅಥವಾ ಥರ್ಮಲ್ ಸ್ಟೇಷನ್ನಿನ ಕಾಂಪೌಂಡ್ ಪಕ್ಕ ಹೋಗುವಾಗ ನೋಡಿ, ಪೈಪುಗಳು ನೆಟ್ಟಗೆ ಬಂದು ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿ, ಚೌಕಾಕಾರದ ಒಂದು ಸುತ್ತು ಹಾಕಿ ಮತ್ತೆ ಅದೇ ಸಾಲಿಗೆ ಸೇರುತ್ತವೆ. ಅದು ಸುಮ್ನೆ ಅಲ್ಲ. ಪೈಪು ಬೆಳೆದಾಗ ಆ ಸುತ್ತಿನ ತೋಳುಗಳು ಬಾಗುತ್ತವೆ. ಮೊಣಕೈ ತಿರುವುಗಳು ಸ್ವಲ್ಪ ಚಪ್ಪಟೆಯಾಗುತ್ತವೆ. ತುದಿಗಳ ಮೇಲೆ ಬೀಳುವ ಬಲ ಕರಗಿಹೋಗುತ್ತದೆ. ಪೈಪಿನ ಭಾರ ಹೊರಲು ಸ್ಪ್ರಿಂಗ್ ಹ್ಯಾಂಗರ್‌ಗಳಿರುತ್ತವೆ. ಪೈಪು ಮೇಲೆ ಕೆಳಗೆ ಸರಿದರೂ ಅವು ಹಿಡಿತ ಬಿಡುವುದಿಲ್ಲ.

ಈ ಬಾಗುವಿಕೆ ಎಷ್ಟರ ಮಟ್ಟಿಗೆ ಸರಿ? ಅಮೆರಿಕದಲ್ಲಿ ಮಾರ್ಕ್ಲ್ ಎಂಬ ಎಂಜಿನಿಯರ್ 1940, 50ರ ದಶಕಗಳಲ್ಲಿ ನಿಜವಾದ ಪೈಪುಗಳನ್ನೂ ಮೊಣಕೈಗಳನ್ನೂ ಯಂತ್ರದಲ್ಲಿ ಹಿಂದೆ ಮುಂದೆ ಬಾಗಿಸಿ, ಎಷ್ಟನೆಯ ಸಲ ಸೋರುತ್ತದೆ ಅಂತ ಎಣಿಸಿದರು. ಇವತ್ತಿಗೂ ಪೈಪಿಂಗ್ ಕೋಡ್‌ಗಳು, ಅಂದರೆ ಪೈಪು ವಿನ್ಯಾಸದ ನಿಯಮಪುಸ್ತಕಗಳು, ನಿಂತಿರುವುದು ಆ ಎಣಿಕೆಯ ಮೇಲೆ. ಸುಮಾರು 7000 ಬಾರಿ ಕಾದು ತಣಿಯುವವರೆಗೆ ಕೋಡ್ ಪೂರ್ತಿ ಮಿತಿಯನ್ನು ಬಳಸಲು ಬಿಡುತ್ತದೆ. ದಿನಕ್ಕೊಂದು ಸಲ ಅಂದರೂ 19 ವರ್ಷ. ಇಲ್ಲಿ ಅಳೆಯುವುದು ಒಂದು ಕ್ಷಣದ ಸ್ಟ್ರೆಸ್ ಅಲ್ಲ, ತಣ್ಣಗಿರುವುದರಿಂದ ಬಿಸಿಯವರೆಗಿನ ಪೂರ್ತಿ ವ್ಯಾಪ್ತಿ.

ಈ ಮೊದಲ ಲೆಕ್ಕದಲ್ಲಿ ಹೊದಿಕೆಯ ಪಾತ್ರ ಎಷ್ಟು? ತೀರಾ ಕಡಿಮೆ. ಪೈಪಿಂಗ್ ಸಾಫ್ಟ್‌ವೇರ್ ಪೈಪನ್ನು ಒಂದು ಕೋಲಿನ ಹಾಗೆ ನೋಡುತ್ತದೆ. ಕೋಲಿಗೆ ಒಂದೇ ಹಿಗ್ಗುವ ಗುಣ, ಒಂದೇ ಬಿಗಿತ. ಹಾಗಾಗಿ ಎರಡು ಲೋಹಗಳ ಅಡ್ಡಕೊಯ್ತದ ಪಾಲಿನ ಪ್ರಕಾರ ಸರಾಸರಿ ತೆಗೆದು ಕೊಡಬೇಕು. ನಮ್ಮ ಪೈಪಿನಲ್ಲಿ ಹೊದಿಕೆಯ ಪಾಲು 14 ಶೇಕಡ. ಸರಾಸರಿ ಹಿಗ್ಗು 13.5ರ ಬದಲು 14.1 ಆಗುತ್ತದೆ. 10 ಮೀಟರಿಗೆ 50ರ ಬದಲು 52 ಮಿಲಿಮೀಟರ್. ಎರಡು ಮಿಲಿಮೀಟರ್ ವ್ಯತ್ಯಾಸ ಅಷ್ಟೇ ಅಲ್ವಾ ಅಂತ ಅನ್ನಿಸುತ್ತದೆ. ಪರದೆಯ ಮೇಲೆ ಎಲ್ಲವೂ ಹಸಿರು, ವರದಿ ಮುಗಿಯಿತು, ಸಹಿ ಬಿತ್ತು.

ಆದರೆ ಎರಡನೆಯ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿಯೇ ಇಲ್ಲ. 67 ಮಿಲಿಮೀಟರ್ ಬೆಳೆಯಬೇಕಿದ್ದ ಸ್ಟೇನ್‌ಲೆಸ್ ಪದರ 52ಕ್ಕೇ ನಿಂತಿದೆ. ಉಳಿದ 15 ಮಿಲಿಮೀಟರ್ ಎಲ್ಲಿ ಹೋಯಿತು?

ಅದು ಪದರದೊಳಗೇ ಅದುಮಿಕೊಂಡು ಕೂತಿದೆ. ಉದ್ದಕ್ಕೆ ಮಾತ್ರವಲ್ಲ, ಸುತ್ತಳತೆಗೂ ಇದೇ ಕಥೆ. ಎರಡೂ ದಿಕ್ಕಿನಲ್ಲಿ ಅದುಮಿದ್ದರಿಂದ ಸ್ಟ್ರೆಸ್ ಇನ್ನೂ ಏರುತ್ತದೆ. ಹೊರಗಿನ ಉಕ್ಕು ಒಂಚೂರೂ ಬಿಟ್ಟುಕೊಡದಿದ್ದರೆ 390 ಎಂಪಿಎ. ಅದು ಸ್ವಲ್ಪ ಬಿಟ್ಟುಕೊಡುವುದರಿಂದ ಸುಮಾರು 340. ಒಂದು ಚದರ ಮಿಲಿಮೀಟರ್ ಜಾಗದಲ್ಲಿ 34 ಕೆಜಿ. ಒಂದು ಅಕ್ಕಿ ಮೂಟೆಯ ಭಾರವನ್ನು ಬಾಲ್‌ಪೆನ್ನಿನ ತುದಿಯಷ್ಟು ಜಾಗ ಹೊತ್ತ ಹಾಗೆ.

304ಎಲ್ ಉಕ್ಕು 400 ಡಿಗ್ರಿಯಲ್ಲಿ ಸುಮಾರು 110 ಎಂಪಿಎಗೆ ಸೋಲುತ್ತದೆ. ಅಂದರೆ ಲೆಕ್ಕದ 340 ನಿಜವಾಗಿ ಬರುವುದೇ ಇಲ್ಲ. ಅದಕ್ಕೂ ಮೊದಲೇ ಲೋಹ ಮಣಿದು, ಕಾಯಂ ಆಗಿ ಸ್ವಲ್ಪ ಕುಗ್ಗಿಬಿಡುತ್ತದೆ. ಹೊರಗಿನ ದಪ್ಪ ಉಕ್ಕಿಗೆ ಈ ಜಗಳದಿಂದ ಬರುವ ಎಳೆತ ಬರೀ 18 ಎಂಪಿಎಯಷ್ಟು. ಅದಕ್ಕೆ ಗೊತ್ತೇ ಆಗುವುದಿಲ್ಲ. ಪೆಟ್ಟೆಲ್ಲ ತೆಳ್ಳಗಿರುವವನಿಗೆ.

ನನಗೆ ಮುಖ್ಯ ಅನ್ನಿಸುವುದು ಇದು: ಈ ಜಗಳವನ್ನು ಯಾವ ಬಳಸು ದಾರಿಯೂ ಬಿಡಿಸಲಾರದು. ಪೈಪಿಗೆ ಹತ್ತು ಸುತ್ತು ಹಾಕಿ, ತುದಿಗಳನ್ನು ಪೂರ್ತಿ ಬಿಟ್ಟುಬಿಡಿ, ಒಂದು ಮೀಟರ್ ತುಂಡನ್ನು ಕತ್ತರಿಸಿ ಒಲೆಯಲ್ಲಿಡಿ. ಹೊದಿಕೆಯೊಳಗಿನ ಸ್ಟ್ರೆಸ್ ಅಷ್ಟೇ ಇರುತ್ತದೆ. ತಡೆಯುತ್ತಿರುವುದು ಹೊರಗಿನ ಕಂಬವಲ್ಲ, ಬೆನ್ನಿಗೆ ಅಂಟಿಕೊಂಡ ಇನ್ನೊಂದು ಲೋಹ.

ಇಸ್ತ್ರಿ ಪೆಟ್ಟಿಗೆಯೊಳಗೂ ಎರಡು ಲೋಹ ಅಂಟಿಸಿದ ಪಟ್ಟಿ ಇರುತ್ತದೆ, ಕಾದರೆ ಬಾಗಿ ಕರೆಂಟ್ ಕಡಿಯುತ್ತದೆ. ಅದರ ಲೆಕ್ಕವನ್ನು ಟಿಮೊಶೆಂಕೊ ಎಂಬ ಎಂಜಿನಿಯರ್ 1925ರಲ್ಲೇ ಮಾಡಿಕೊಟ್ಟರು. ಪಟ್ಟಿ ಬಾಗಿ ಸ್ಟ್ರೆಸ್‌ನ ಒಂದಿಷ್ಟು ಪಾಲನ್ನು ಕಳೆದುಕೊಳ್ಳುತ್ತದೆ. ಪೈಪಿಗೆ ಆ ಅವಕಾಶ ಇಲ್ಲ. ಸುತ್ತ ಮುಚ್ಚಿಕೊಂಡ ಕೊಳವೆ ಯಾವ ಕಡೆಗೆ ಬಾಗಬೇಕು? ತುದಿಯಲ್ಲಿ ಮಾತ್ರ, ಕೆಲವು ಸೆಂಟಿಮೀಟರಿನೊಳಗೆ, ಅಂಚು ಸ್ವಲ್ಪ ಸುರುಳಿಯಾಗಲು ನೋಡುತ್ತದೆ. ಅಲ್ಲೇ ಅಂಟು ಬಿಡಿಸುವ ಬಲ ಹುಟ್ಟುವುದು. ಹೊದಿಕೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲು ಪೈಪು ಸೇರುತ್ತದೆ, ಎಲ್ಲಿ ಎರಡು ಪೈಪುಗಳ ವೆಲ್ಡ್ ಇದೆ, ತಪಾಸಣೆಗೆ ಹೋದವರು ಮೊದಲು ಅಲ್ಲಿ ಟಾರ್ಚ್ ಹಾಕುವುದು ಇದಕ್ಕೇ.

ಈಗ ಪ್ಲಾಂಟ್ ನಿಲ್ಲಿಸಿ ಪೈಪು ತಣ್ಣಗಾಗಲಿ. ಬಿಸಿಯಲ್ಲಿ ಅದುಮಿ ಮಣಿದ ಹೊದಿಕೆ ಈಗ ಕುಗ್ಗಬೇಕು, ಆದರೆ ದಪ್ಪ ಉಕ್ಕು ಅಷ್ಟು ಕುಗ್ಗುವುದಿಲ್ಲ. ಹೊದಿಕೆಯಲ್ಲಿ ಎಳೆತ ಹುಟ್ಟುತ್ತದೆ. ನಿಜ ಹೇಳಬೇಕೆಂದರೆ ಎಳೆತ ಮೊದಲ ದಿನದಿಂದಲೂ ಇರುತ್ತದೆ. ವೆಲ್ಡ್ ಆದ ಮೇಲೆ ಪೈಪನ್ನು 600 ಡಿಗ್ರಿಯ ಆಸುಪಾಸು ಕಾಯಿಸಿ ನಿಧಾನ ತಣಿಸುತ್ತಾರಲ್ಲ, ಆ ಬಿಸಿಯಲ್ಲಿ ಎರಡೂ ಲೋಹ ರಾಜಿಯಾಗುತ್ತವೆ. ತಣಿಯುತ್ತಾ ಬಂದ ಹಾಗೆ ಸ್ಟೇನ್‌ಲೆಸ್ ಎಳೆತಕ್ಕೆ ಸಿಕ್ಕುತ್ತದೆ. ಹಾಗಾಗಿ ತಣ್ಣಗೆ ಕೈಗೆ ಸಿಗುವ ಹೊಸ ಪೈಪಿನಲ್ಲೂ ಹೊದಿಕೆ ಬಿಲ್ಲಿನ ಹೆದೆಯಂತೆ ಬಿಗಿದೇ ಇರುತ್ತದೆ.

ತಣ್ಣಗೆ 170ಕ್ಕೆ ಸೋಲುವ, ಬಿಸಿಯಲ್ಲಿ 110ಕ್ಕೆ ಸೋಲುವ ಲೋಹಕ್ಕೆ ಒಟ್ಟು 280 ಎಂಪಿಎಯಷ್ಟು ಓಡಾಡಲು ಜಾಗ ಇದೆ. ಎಳೆತದ ಕೊನೆಯಿಂದ ಅದುಮಿನ ಕೊನೆಯವರೆಗೆ. ಬೇಕಾದ ಓಡಾಟ ಇದರೊಳಗಿದ್ದರೆ ಮೊದಲ ಸಲ ಮಣಿದ ಮೇಲೆ ಲೋಹ ಒಗ್ಗಿಕೊಳ್ಳುತ್ತದೆ. ಆಮೇಲಿನ ಸಲಗಳಲ್ಲಿ ರಬ್ಬರಿನಂತೆ ಹೋಗಿ ಬರುತ್ತದೆ. ಇದಕ್ಕೆ ಶೇಕ್‌ಡೌನ್ ಅನ್ನುತ್ತಾರೆ. ನಮ್ಮ ಪೈಪಿಗೆ ಬೇಕಾಗಿರುವುದು 340. ಒಗ್ಗುವುದಿಲ್ಲ. ಪ್ರತಿ ಸಲ ಶುರು ಮಾಡಿದಾಗ ಒಂದು ಚೂರು ಅದುಮು, ನಿಲ್ಲಿಸಿದಾಗ ಒಂದು ಚೂರು ಎಳೆತ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಜಾತಿಯ ದಣಿವು. ಹಾಗಂತ ಗಾಬರಿ ಬೇಡ. ಬಗ್ಗುವ ಪ್ರಮಾಣ ತೀರಾ ಸಣ್ಣದು, ಲೋಹ ಮಣಿಯುತ್ತಾ ಗಟ್ಟಿಯೂ ಆಗುತ್ತದೆ. ಶುದ್ಧ ಗಾಳಿಯಲ್ಲಿ ಸಾವಿರಾರು ಸಲ ತಡೆದೀತು.

ಆದರೆ ಪೈಪಿನೊಳಗೆ ಶುದ್ಧ ಗಾಳಿ ಇಲ್ಲ. ಗಂಧಕದ ತೈಲ ಹರಿದ ಗೋಡೆಯ ಮೇಲೆ ಸಲ್ಫೈಡ್ ಪೊರೆ ಕಟ್ಟಿರುತ್ತದೆ. ಪ್ಲಾಂಟ್ ನಿಲ್ಲಿಸಿ, ಪೈಪು ಬಿಚ್ಚಿ, ತೇವವೂ ಗಾಳಿಯೂ ಒಳಗೆ ಹೋದರೆ ಆ ಪೊರೆ ಪಾಲಿಥಯೋನಿಕ್ ಆಮ್ಲವಾಗುತ್ತದೆ. ಬಿಸಿಯಲ್ಲಿ ಬಹಳ ಕಾಲ ಕೂತು ಕಣಗಳ ಅಂಚಿನಲ್ಲಿ ಕ್ರೋಮಿಯಂ ಕಳೆದುಕೊಂಡ ಸ್ಟೇನ್‌ಲೆಸ್‌ಗೆ ಇದು ವಿಷ. ಎಳೆತವೂ ಇದ್ದರೆ ಬಿರುಕು ಖಂಡಿತ ಹತ್ತಿರ ಬಂತು ಅಂತಲೇ ತಿಳಿಯಿರಿ. ಎಳೆತ ಇರುವುದು ಯಾವಾಗ? ತಣ್ಣಗಿರುವಾಗ. ಆಮ್ಲ ಹುಟ್ಟುವುದು ಯಾವಾಗ? ಅದೂ ತಣ್ಣಗಿರುವಾಗ. 400 ಡಿಗ್ರಿಯಲ್ಲಿ ಓಡುತ್ತಿರುವ ಪೈಪು ಅಪಾಯಕಾರಿ, ನಿಂತಿರುವುದು ಸುರಕ್ಷಿತ ಅಂದುಕೊಳ್ಳುತ್ತೇವೆ. ಹೊದಿಕೆಯ ಮಟ್ಟಿಗೆ ಅದು ಉಲ್ಟಾ. ಬಿಚ್ಚುವ ಮೊದಲು, ಆಮ್ಲವನ್ನು ಅಡಗಿಸುವ ಕ್ಷಾರವಾದ ಸೋಡಾ ಆಶ್ ಕರಗಿಸಿದ ನೀರಿನಿಂದ ಒಳಗೆಲ್ಲ ತೊಳೆಯುವ ಪದ್ಧತಿ ಇರುವುದು ಇದಕ್ಕೇ. ಆ ತೊಳೆಯುವ ಕೆಲಸವನ್ನು ಸಮಯ ಉಳಿಸಲು ಬಿಡುವುದನ್ನು ನಾನು ಒಪ್ಪಲಾರೆ.

ಇನ್ನೊಂದು ದಾರಿ ಜಗಳವೇ ಆಗದ ಜೋಡಿ ಹುಡುಕುವುದು. ಅಲಾಯ್ 625 ಎಂಬ ನಿಕಲ್ ಮಿಶ್ರಲೋಹ 400 ಡಿಗ್ರಿಯವರೆಗೆ ಹತ್ತು ಲಕ್ಷಕ್ಕೆ ಸುಮಾರು 13.5 ಪಾಲು ಹಿಗ್ಗುತ್ತದೆ, ಥೇಟ್ ಕಾರ್ಬನ್ ಉಕ್ಕಿನಷ್ಟೇ. ಅದೇ ಪೈಪು, ಅದೇ ಬಿಸಿ, ಹೊದಿಕೆ ಮಾತ್ರ ಬದಲು, 340 ಎಂಪಿಎ ಹೆಚ್ಚುಕಮ್ಮಿ ಮಾಯ. ಬೆಲೆ ಮಾತ್ರ ಮಾಯವಾಗುವುದಿಲ್ಲ. ಕ್ರೋಮಿಯಂ ಉಕ್ಕಾದ 410ಎಸ್ ಕೂಡ ಕಾರ್ಬನ್ ಉಕ್ಕಿಗೆ ಹತ್ತಿರ ಹಿಗ್ಗುತ್ತದೆ. ಕಚ್ಚಾ ತೈಲ ಬಟ್ಟಿ ಇಳಿಸುವ ಗೋಪುರಗಳ ಒಳಹೊದಿಕೆಯಾಗಿ ಅದು ಹಳೆಯ ಗೆಳೆಯ. ಆದರೆ ಹೆಚ್ಚು ಬಿಸಿಯಲ್ಲಿ ಬಹಳ ಕಾಲ ಇಟ್ಟರೆ ಗಾಜಿನಂತೆ ಪೆಡಸಾಗುತ್ತದೆ, ಹಾಗಾಗಿ ಎಲ್ಲ ಕಡೆ ಸಲ್ಲದು.

ಕಂಪ್ಯೂಟರಿನಲ್ಲಿ ಎರಡನೆಯ ಲೆಕ್ಕ ಮಾಡುವವರಿಗೆ ಒಂದು ಕಿವಿಮಾತು. ಪೈಪಿನ ಗೋಡೆಯನ್ನು ಸಣ್ಣ ಸಣ್ಣ ಚೂರುಗಳಾಗಿ ಒಡೆದು ಲೆಕ್ಕ ಹಾಕುವಾಗ, ಹೊದಿಕೆಯ ತುದಿ ಹೊರಗೆ ಕಾಣುವ ಅಂಚಿನಲ್ಲಿ ಚೂರುಗಳನ್ನು ಚಿಕ್ಕದು ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. 500, 700, 1100. ಎಲ್ಲಿ ನಿಲ್ಲಿಸಿದರೂ ಆ ಅಂಕಿಗೆ ಅರ್ಥ ಇಲ್ಲ. ಎರಡು ಲೋಹ ಸೇರಿ ಚೂಪು ಮೂಲೆಯಲ್ಲಿ ಮುಗಿಯುವ ಕಡೆ ಗಣಿತವೇ ಅನಂತದ ಕಡೆ ಓಡುತ್ತದೆ. ಅಂಚಿನಿಂದ ಸ್ವಲ್ಪ ದೂರದ ಬೆಲೆಯನ್ನು ನೋಡಬೇಕು, ಅಥವಾ ಸ್ಟ್ರೆಸ್ ಬಿಟ್ಟು ಲೋಹ ಎಷ್ಟು ಹಿಗ್ಗಿ ಕುಗ್ಗಿತು ಅನ್ನುವುದನ್ನು ನೋಡಬೇಕು. ಎರಡೂ ಲೋಹಗಳ ಗುಣಗಳನ್ನು ಆಯಾ ಬಿಸಿಗೆ ತಕ್ಕಂತೆ ಕೊಡಬೇಕು. ತಣ್ಣಗಿನ ಅಂಕಿಗಳಲ್ಲಿ 400 ಡಿಗ್ರಿಯ ಪೈಪು ಲೆಕ್ಕ ಹಾಕುವುದು ಬೇಸಿಗೆಯ ಬಟ್ಟೆಯಲ್ಲಿ ಹಿಮಾಲಯಕ್ಕೆ ಹೋದ ಹಾಗೆ.

ಹೊದಿಕೆ ಒಳಗಿನ ಒತ್ತಡವನ್ನು ಹೊರುತ್ತದೆಯೇ? ಸಾಮಾನ್ಯವಾಗಿ ಗೋಡೆಯ ದಪ್ಪ ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಿನ್ನಿಸಿಕೊಳ್ಳಲು ಇರುವ ಪದರ ಅಂತಲೇ ನೋಡುತ್ತಾರೆ. 2002ರ ಮಾರ್ಚಿನಲ್ಲಿ ಅಮೆರಿಕದ ಒಹಾಯೋದ ಡೇವಿಸ್-ಬೆಸ್ಸಿ ಅಣುಸ್ಥಾವರದಲ್ಲಿ ಬೇರೆಯೇ ಕಂಡಿತು. ರಿಯಾಕ್ಟರಿನ ಮುಚ್ಚಳದ ಮೇಲೆ ಸೋರಿದ ಬೋರಿಕ್ ಆಮ್ಲ ಆರು ಇಂಚಿಗೂ ದಪ್ಪದ ಉಕ್ಕನ್ನು ಹೊರಗಿನಿಂದ ತಿಂದು ಹಾಕಿತ್ತು. ಆ ಹೊಂಡದ ತಳದಲ್ಲಿ ಉಳಿದದ್ದು ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪದ ಸ್ಟೇನ್‌ಲೆಸ್ ಹೊದಿಕೆ. ಸುಮಾರು 150 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು ಒತ್ತಡವನ್ನು ಅದೊಂದೇ ತಡೆದಿತ್ತು. ಸ್ವಲ್ಪ ಉಬ್ಬಿತ್ತು, ಒಡೆದಿರಲಿಲ್ಲ.

ಅದೃಷ್ಟ ಕೈಕೊಟ್ಟ ಕಥೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋದ್ದು. ಅಲ್ಲಿನ ನೈಲಾನ್ ಕಚ್ಚಾವಸ್ತುವಿನ ಕಾರ್ಖಾನೆಯಲ್ಲಿ ಆರು ರಿಯಾಕ್ಟರುಗಳು ಮೆಟ್ಟಿಲಿನಂತೆ ಒಂದರ ನಂತರ ಒಂದು ಇಳಿಯುತ್ತಿದ್ದವು. ಒಳಗೆ 155 ಡಿಗ್ರಿಯ ಸೈಕ್ಲೋಹೆಕ್ಸೇನ್, ಬೇಗ ಬೆಂಕಿ ಹತ್ತುವ ದ್ರವ. ಪ್ರತಿ ರಿಯಾಕ್ಟರೂ ಕ್ಲ್ಯಾಡ್: ಅರ್ಧ ಇಂಚು ಮೆತು ಉಕ್ಕಿಗೆ ಒಳಗಿನಿಂದ ಇಂಚಿನ ಎಂಟನೇ ಒಂದು ಭಾಗದಷ್ಟು ಸ್ಟೇನ್‌ಲೆಸ್ ಅಂಟಿಸಿದ್ದು. 1974ರ ಮಾರ್ಚಿನಲ್ಲಿ ಐದನೆಯ ರಿಯಾಕ್ಟರು ಸೋರಿತು. ಹೊರಗಿನ ಉಕ್ಕಿನಲ್ಲಿ ಸುಮಾರು ಆರು ಅಡಿ ಉದ್ದದ ಬಿರುಕು. ನೈಟ್ರೇಟ್ ಇದ್ದ ನೀರನ್ನು ಅದರ ಮೇಲೆ ಹರಿಸಿದ್ದರು. ಒಳಗಿನ ರಾಸಾಯನಿಕಕ್ಕೆ ಹೊದಿಕೆ ಇತ್ತು, ಹೊರಗಿನ ನೀರಿಗೆ ಏನೂ ಇರಲಿಲ್ಲ.

ಐದನೆಯದನ್ನು ತೆಗೆದು, ನಾಲ್ಕನೆಯದಕ್ಕೂ ಆರನೆಯದಕ್ಕೂ ಮಧ್ಯೆ ತಾತ್ಕಾಲಿಕ ಪೈಪು ಹಾಕಿದರು. ರಿಯಾಕ್ಟರುಗಳ ಬಾಯಿ 28 ಇಂಚು, ಕೈಗೆ ಸಿಕ್ಕ ಪೈಪು 20 ಇಂಚು. ಎರಡು ಬಾಯಿಗಳ ಎತ್ತರದಲ್ಲಿ 14 ಇಂಚು ವ್ಯತ್ಯಾಸ ಇದ್ದದ್ದರಿಂದ ಪೈಪಿಗೆ ನಾಯಿಯ ಹಿಂಗಾಲಿನಂಥ ಡೊಂಕು. ಎರಡು ತುದಿಯಲ್ಲೂ ಬೆಲ್ಲೋಸ್, ಅಂದರೆ ಅಕಾರ್ಡಿಯನ್ನಿನಂತೆ ಮಡಿಕೆ ಮಡಿಕೆಯಾದ ಜೋಡಣೆ. ಕೆಳಗಿನಿಂದ ಆಸರೆಗೆ ಕಟ್ಟಡ ಕೆಲಸದ ಸ್ಕ್ಯಾಫೋಲ್ಡಿಂಗ್ ಕೊಳವೆಗಳು. ನಕ್ಷೆ ಒಂದೇ ಒಂದು, ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ್ದು. ಒತ್ತಡದಿಂದ ಬರುವ ತಳ್ಳುವ ಬಲವನ್ನಾಗಲಿ, ಪೈಪನ್ನು ತಿರುಚುವ ಬಲವನ್ನಾಗಲಿ ಯಾರೂ ಲೆಕ್ಕ ಹಾಕಿರಲಿಲ್ಲ.

ಪೈಪು ಎರಡು ತಿಂಗಳು ತಡೆಯಿತು. 1974ರ ಜೂನ್ 1, ಶನಿವಾರ ಸಂಜೆ ಐದಕ್ಕೆ ಸ್ವಲ್ಪ ಮೊದಲು ಕಿತ್ತು ಬಿತ್ತು. ಹೊರಬಿದ್ದ ಆವಿಯ ಮೋಡಕ್ಕೆ ಬೆಂಕಿ ತಗುಲಿ 28 ಜನ ಸತ್ತರು. ವಾರದ ದಿನವಾಗಿದ್ದರೆ ಕಚೇರಿಯ ತುಂಬ ಜನ ಇರುತ್ತಿದ್ದರು.

ಬೆಲ್ಲೋಸ್ ಉದ್ದುದ್ದಕ್ಕೆ ಏನನ್ನೂ ಹಿಡಿಯಲಾರದು, ಹಿಗ್ಗುವುದೇ ಅದರ ಕೆಲಸ. ಹಾಗಾಗಿ ಒಳಗಿನ ಒತ್ತಡ ಪೈಪನ್ನು ಎರಡೂ ಕಡೆಯಿಂದ ತಳ್ಳುತ್ತದೆ. 28 ಇಂಚು ಅಂದರೆ 71 ಸೆಂಟಿಮೀಟರ್ ಅಡ್ಡಳತೆ, ಸುಮಾರು 3960 ಚದರ ಸೆಂಟಿಮೀಟರ್. ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 8.8 ಕೆಜಿ. ಗುಣಿಸಿದರೆ ಸುಮಾರು 35 ಟನ್. ಎಡದಿಂದ 35 ಟನ್, ಬಲದಿಂದ 35 ಟನ್, ಆದರೆ ಒಂದೇ ಗೆರೆಯಲ್ಲಿ ಅಲ್ಲ, 14 ಇಂಚು ಮೇಲೆ ಕೆಳಗೆ. ಪೈಪು ಮಧ್ಯದಲ್ಲಿ ಮಡಚಿಕೊಳ್ಳಲು ಅಷ್ಟು ಸಾಕು. 28, 8.8 ಮತ್ತು 14, ಮೂರೂ ಅಂಕಿ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದವು.